ಒಂದು ಆಳುದ್ದ, ಮೂರು ಹೊರಳು

ಕಳೆದ ವಾರ ಎದುರು ಫ್ಲ್ಯಾಟಿನ ಮಗುವಿನ ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಕೇಕಿನ ಮೇಲಿದ್ದ ಆರು ಮೇಣದಬತ್ತಿಗಳನ್ನು ಮಗು ಒಂದೇ ಉಸಿರಿಗೆ ಊದಿ ಆರಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಊದುವಾಗ ಕೇಕಿನ ಮೇಲೆ ಎಷ್ಟು ಎಂಜಲು ಬಿದ್ದಿರಬಹುದು ಎಂದು ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಆರಿದ ಮೇಣದ ವಾಸನೆ ಬಂತು. ಕೈಯಲ್ಲಿದ್ದ ಪೇಪರ್ ಪ್ಲೇಟು ಕೈಯಲ್ಲೇ ಉಳಿಯಿತು... ಎಷ್ಟು ವರ್ಷವಾಯಿತು ಆ ಅಂಗಡಿಯ ವಾಸನೆ ಮೂಗಿಗೆ ಬಡಿದು!

ಭಾಂಡುಪ್ ಸ್ಟೇಷನ್ನಿನಿಂದ ನಮ್ಮ ಕಾಲೊನಿಗೆ ಬರುವ ದಾರಿಯಲ್ಲಿ, ಮುಚ್ಚಿಹೋದ ಕಾರ್ಖಾನೆಯೊಂದರ ಕಾಂಪೌಂಡಿಗೆ ಒರಗಿಕೊಂಡಂತೆ ಆ ಅಂಗಡಿ ಇತ್ತು. ಮೇ ತಿಂಗಳು ಬಂತೆಂದರೆ ಇಡೀ ಉಪನಗರ ಅಲ್ಲಿಗೆ ಬರುತ್ತಿತ್ತು. ಚಾಳಿನ ಮಾಡಿಗೆ, ಬಾಲ್ಕನಿಗೆ, ಕೈಗಾಡಿಗೆ, ಗಣಪತಿಯ ಮಂಟಪಕ್ಕೆ, ಎಲ್ಲದಕ್ಕೂ ಮಳೆ ತಡೆಯುವ ತಾಡಪತ್ರಿ ಕತ್ತರಿಸಿ ಹೊಲಿದು ಕೊಡುವವರು ಅವರು. ವಿಜಾಪುರದ ಕಡೆಯವರು. ಬಂದವರೆಲ್ಲ ಅವರನ್ನು ಕರೆಯುತ್ತಿದ್ದದ್ದು ತಾಡಪತ್ರಿ ಕಾಕಾ ಎಂದು. ನಾವೂ ಹಾಗೆಯೇ ಕರೆದೆವು. ಹೊಲಿಗೆಯ ಮೇಲೆ ಮೇಣದಬತ್ತಿಯ ತುಂಡು ತಿಕ್ಕಿ, ಅದರ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಎಳೆದರೆ ಸೂಜಿ ಹೋದ ತೂತುಗಳೆಲ್ಲ ಮುಚ್ಚಿ ನೀರು ನಿಲ್ಲುತ್ತದೆ ಎಂಬುದು ಅವರ ವಿದ್ಯೆ. ಹಾಗಾಗಿ ವರ್ಷವಿಡೀ ಅಂಗಡಿಯಲ್ಲಿ ಈಗಷ್ಟೇ ದೀಪ ಆರಿದಂಥ ವಾಸನೆ ಇರುತ್ತಿತ್ತು.

ನಮಗೆ ಬೇಕಾಗಿದ್ದದ್ದು ಟೆಂಟು. ಸರಿಯಾಗಿ ಹೇಳುವುದಾದರೆ ನನ್ನ ಹೆಂಡತಿಗೆ ಬೇಕಾಗಿತ್ತು. ಅವಳ ಆಫೀಸಿನವರು ಶನಿವಾರ ಬಂತೆಂದರೆ ಮಕ್ಕಳುಮರಿ ಕಟ್ಟಿಕೊಂಡು ಕರ್ಜತ್, ಕಸಾರಾ ಎಂದು ಬೆಟ್ಟ ಹತ್ತಲು ಹೋಗುತ್ತಿದ್ದರು. ಮಗಳಿಗೆ ಆಗ ಎಂಟು ವರ್ಷ. ನಾವೂ ಹೋಗೋಣ ಎಂದು ಇಬ್ಬರೂ ಸೇರಿ ತೀರ್ಮಾನಿಸಿದರು. ನನ್ನ ಪಾಲಿಗೆ ಬಂದದ್ದು ಚಿಂತೆ. ಹಾವು, ಸಿಡಿಲು, ಗಾಳಿ, ಹೊಟ್ಟೆ ಕೆಡುವುದು, ಚಿರತೆ ಎಂದು ಒಂದು ಡೈರಿಯ ಎರಡು ಪುಟ ತುಂಬಿಸಿದೆ. ಭಾಂಡುಪಿನಲ್ಲಿ ನಮ್ಮ ಕಾಲೊನಿಯ ಹಿಂದಿನ ಗೋಡೆಯ ತನಕ ಚಿರತೆ ಬಂದು ನಾಯಿ ಹೊತ್ತುಕೊಂಡು ಹೋಗುತ್ತದೆ. ಅಲ್ಲಿ ಆರಾಮವಾಗಿ ಕಿಟಕಿ ತೆರೆದು ಮಲಗುವವನಿಗೆ ಎಪ್ಪತ್ತು ಕಿಲೋಮೀಟರ್ ದೂರದ ಚಿರತೆಯ ಭಯ!

ಮೊದಲು ಘಾಟ್ಕೋಪರಿನ ದೊಡ್ಡ ಅಂಗಡಿಯೊಂದಕ್ಕೆ ಹೋದೆವು. ಬಣ್ಣಬಣ್ಣದ ಟೆಂಟುಗಳನ್ನು ಬಿಚ್ಚಿ ನಿಲ್ಲಿಸಿದ್ದರು. ಮಾರುವವನು ಒಂದನ್ನು ತೋರಿಸಿ, "ತೀನ್ ಆದ್ಮಿ ಕಾ ಹೈ ಸರ್" ಎಂದ. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಲಗಿದೆ. ತಲೆ ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ ಬಟ್ಟೆಗೆ ತಾಗಿತು. ಮೂವರು ಮಲಗಬಹುದಿತ್ತು, ಊದುಬತ್ತಿ ಪ್ಯಾಕೆಟ್ಟಿನಲ್ಲಿ ಊದುಬತ್ತಿ ಮಲಗಿದ ಹಾಗೆ. ಹೀಗೆ ಎಂಟು ಟೆಂಟುಗಳಲ್ಲಿ ಮಲಗಿ ಎದ್ದೆ. ಒಂದಕ್ಕೆ ಕಿಟಕಿ ಚಿಕ್ಕದು, ಒಂದಕ್ಕೆ ಜಿಪ್ ನಂಬುವಂತಿರಲಿಲ್ಲ, ಒಂದರ ಬಣ್ಣ ಜೇನುಹುಳಗಳನ್ನು ಕರೆಯುವಂತಿತ್ತು.

"ನಿಮಗೆ ಟೆಂಟ್ ಬೇಡ, ಬಂಗ್ಲೆಯೇ ಬೇಕು ಮಾರಾಯ್ರೆ" ಎಂದಳು ಹೆಂಡತಿ. ಅವಳ ಆಫೀಸಿನವರೇ ಯಾರೋ ತಾಡಪತ್ರಿ ಕಾಕಾ ಟೆಂಟೂ ಹೊಲಿಯುತ್ತಾರೆ ಎಂದು ಹೇಳಿದ್ದರಂತೆ. ಮರುದಿನ ಮೂವರೂ ಅಲ್ಲಿಗೆ ಹೋದೆವು.

ನಾನು ಅಳತೆಗಳನ್ನು ಸೆಂಟಿಮೀಟರಿನಲ್ಲಿ ಬರೆದುಕೊಂಡು ಹೋಗಿದ್ದೆ. ಕಾಕಾ ಆ ಚೀಟಿಯನ್ನು ತೆಗೆದುಕೊಂಡು, ಮಡಿಸಿ, ಗೌರವದಿಂದ ನನ್ನ ಅಂಗಿಯ ಜೇಬಿನಲ್ಲೇ ಇಟ್ಟರು.

"ಟೇಪು ಮಲಗಂಗಿಲ್ರಿ. ಮಂದಿ ಮಲಗ್ತಾರ. ಎಷ್ಟು ಮಂದಿ?"

"ಮೂರು."

"ಬರ್ರಿ ಇಲ್ಲಿ. ಬೆನ್ನ ಹಚ್ಚಿ ನಿಲ್ರಿ."

ಬೆನ್ನಿಗೆ ಬೆನ್ನು ಕೊಟ್ಟು ನಿಂತೆವು. ಹೆಂಡತಿ ಮಗಳ ನೋಟ್‌ಬುಕ್ಕನ್ನು ನಮ್ಮಿಬ್ಬರ ತಲೆಯ ಮೇಲೆ ಅಡ್ಡವಾಗಿ ಇಟ್ಟು ನೋಡಿದಳು. ಅದು ಯಾವ ಕಡೆಗೂ ವಾಲಲಿಲ್ಲ. ಐದು ಅಡಿ ಹತ್ತು ಇಂಚಿನ ಮನುಷ್ಯ ನಾನು, ಅವರೂ ಅಷ್ಟೇ. ಅವರಿಗೆ ಸಂತೋಷವಾಯಿತು.

"ಹಂಗಾರ ಮುಗೀತು. ನಾ ಮಲಗಿದ್ರ ನೀವು ಮಲಗಿದಂಗ."

ಅಂಗಡಿಯ ನೆಲದ ಮೇಲೆ ದಪ್ಪ ಕ್ಯಾನ್ವಾಸ್ ಹಾಸಿ ಅದರ ಮೇಲೆ ಅಂಗಾತ ಮಲಗಿದರು. ಬಲಗೈಯಲ್ಲಿ ಸೀಮೆಸುಣ್ಣ ಹಿಡಿದು ತಲೆಯ ಮೇಲೆ ಒಂದು ಗೇಣು ಬಿಟ್ಟು ಗೆರೆ ಎಳೆದರು. ಇನ್ನೊಂದು ಸೀಮೆಸುಣ್ಣ ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ! ಕಾಲು ಚಾಚಿ, ಆ ಕಡೆಯೂ ಅಂದಾಜಿನಲ್ಲಿ ಒಂದು ಗೇಣು ಬಿಟ್ಟು, ಪಾದದಿಂದಲೇ ಗೆರೆ ಎಳೆದರು. ಅದು ಒಂದು ಆಳುದ್ದ. ಇನ್ನು ಅಗಲ. ಒಬ್ಬರಿಗೆ ಒಂದು ಹೊರಳು ಎಂಬುದು ಅವರ ಲೆಕ್ಕ. ಆ ಐವತ್ತು ದಾಟಿದ ಮನುಷ್ಯ ಪಟಪಟನೆ ಮೂರು ಸಲ ಹೊರಳಿ ಗೆರೆ ಎಳೆದು ಎದ್ದರು. ಮಗಳು ನಗು ತಡೆಯಲಾಗದೆ ತಾನೂ ಬಿದ್ದು ಹೊರಳಿದಳು.

"ನಿಂದು ಅರ್ಧ ಹೊರಳವ್ವ. ಆದ್ರ ಬೆಳಿತೀಯಲ್ಲ, ಪೂರ್ತಿ ಹಿಡಿದೀನಿ."

ನಾನು ಡೈರಿ ತೆರೆದೆ. ಮಳೆ ಬಂದರೆ?

"ಒಳಗಿಂದ ಬಟ್ಟಿ ಮುಟ್ಟಬ್ಯಾಡ್ರಿ. ಮುಟ್ಟಿದಲ್ಲೇ ನೀರು ಇಳೀತದ. ಅದಕ್ಕಂತನ ತಲಿಗೊಂದು ಕಾಲಿಗೊಂದು ಗೇಣು ಜಾಸ್ತಿ ಬಿಡೂದು."

"ಗಾಳಿ?"

"ಬರ್ತದ."

"ಹಾವು?"

"ಅದರ ಅಳತಿನೂ ತಗೋಬೇಕೇನ್ರಿ?"

ಹೆಂಡತಿ ನಕ್ಕಳು. ನಾನು ಡೈರಿ ಮುಚ್ಚಿದೆ.

ಆ ಟೆಂಟು ನಾಲ್ಕು ವರ್ಷ ಬಾಳಿತು. ಭಾರವಾಗಿತ್ತು, ಹೊತ್ತವನು ನಾನೇ ಆದ್ದರಿಂದ ಚೆನ್ನಾಗಿ ಬಲ್ಲೆ. ಆದರೆ ಒಳಗೆ ಮಲಗಿ ಕಾಲು ಚಾಚಿದರೆ ಎಲ್ಲೂ ಏನೂ ತಾಗುತ್ತಿರಲಿಲ್ಲ. ಮಳೆ ಬಟ್ಟೆಯ ಮೇಲೆ ಸದ್ದು ಮಾಡಿಕೊಂಡು ಹೊರಗೇ ಇರುತ್ತಿತ್ತು. ನನ್ನಂಥವನೂ ನಿದ್ದೆ ಮಾಡಿದ್ದೇನೆ ಅದರಲ್ಲಿ. ಸಂಜೆ ಆಫೀಸಿನಿಂದ ಬರುವಾಗ ಕಾಕಾನ ಅಂಗಡಿಯಲ್ಲಿ ಎರಡು ನಿಮಿಷ ಕೂರುವುದು ಅಭ್ಯಾಸವಾಯಿತು. ವಿಲೆ ಪಾರ್ಲೆಯ ಕಾರ್ಗೋ ಆಫೀಸಿನಲ್ಲಿ ದಿನವಿಡೀ ಹಿಂದಿ, ಮನೆಯಲ್ಲಿ ತುಳು. ನಾನು ಕನ್ನಡ ಮಾತಾಡುತ್ತಿದ್ದದ್ದು ಹೆಚ್ಚುಕಡಿಮೆ ಆ ತಾಡಪತ್ರಿಯ ಸುರುಳಿಯ ಮೇಲೆ ಕೂತಾಗ ಮಾತ್ರ. ನನ್ನ ಉಡುಪಿಯ ಕನ್ನಡ ಕೇಳಿ ಅವರು, "ನೀವು ಮಾತಾಡೂದು ಪುಸ್ತಕ ಓದಿದಂಗ ಇರ್ತದ್ರಿ" ಎನ್ನುತ್ತಿದ್ದರು. ಅವರ ಹೆಂಡತಿ ಊರಿನಲ್ಲಿ ಮಗಳ ಮನೆಯಲ್ಲಿದ್ದರು. ಕಾಕಾ ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದರು.

ಮಗಳಿಗೆ ಹನ್ನೆರಡಾದಾಗ ಹಳೆಯ ಟೆಂಟು ಇಕ್ಕಟ್ಟಾಯಿತು. ಅವಳಿಗೂ ನಮಗೂ ನಡುವೆ ಬ್ಯಾಗುಗಳ ಗೋಡೆ ಬೇಕಂತೆ. ನಾಲ್ಕು ಹೊರಳಿನದ್ದು ಮಾಡಿಕೊಡಿ ಎಂದು ಕಾಕಾನಿಗೆ ಹೇಳಿದೆ. ಆ ಜೂನ್ ತಿಂಗಳಲ್ಲಿ ಅವರಿಗೆ ಕೈತುಂಬ ಕೆಲಸ. ಘಾಟ್ಕೋಪರಿನ ಒಂದು ಟ್ರೆಕ್ಕಿಂಗ್ ಗುಂಪಿನವರು ಹತ್ತು ಟೆಂಟಿಗೆ ಹೇಳಿದ್ದರು. ಟೆಂಟುಗಳ ಅಷ್ಟು ದೊಡ್ಡ ಆರ್ಡರ್ ಅವರಿಗೆ ಅದೇ ಮೊದಲು, ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ನನ್ನೆದುರೇ ಕ್ಯಾನ್ವಾಸಿನ ಮೇಲೆ ಮಲಗಿದರು. ಸೊಂಟಕ್ಕೆ ಹಳೆಯ ಪಂಚೆಯೊಂದನ್ನು ಬಿಗಿಯಾಗಿ ಸುತ್ತಿಕೊಂಡಿದ್ದರು. ಹೊರಳುವಾಗ ಒಂದು ಕೈಯನ್ನು ಬೆನ್ನಿಗೆ ಒತ್ತಿಕೊಂಡು, ಉಸಿರು ಹಿಡಿದು, ಬಹಳ ನಿಧಾನವಾಗಿ ಹೊರಳಿದರು. ನಾನು ನೋಡಿದೆ. ನೋಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

ಜುಲೈಯಲ್ಲಿ ಕೆರೆಯೊಂದರ ದಡದಲ್ಲಿ ಆ ಹೊಸ ಟೆಂಟು ಹಾಕಿ ಮಲಗಿದೆವು. ಬೆಳಿಗ್ಗೆ ಎದ್ದಾಗ ನನ್ನ ಎರಡೂ ಕಾಲುಚೀಲ ಒದ್ದೆ. ಕಾಲು ಬಟ್ಟೆಗೆ ತಾಗಿ ನೀರು ಇಳಿದಿತ್ತು. ಕಾಕಾನ ಅಳತೆ ತಪ್ಪುವುದುಂಟೇ? ನಾನೇ ಬೆಳೆದಿರಬೇಕು ಎಂದುಕೊಂಡೆ. ನಲವತ್ತನಾಲ್ಕನೇ ವಯಸ್ಸಿನಲ್ಲಿ ಮನುಷ್ಯ ಉದ್ದವಾಗುವ ಕಾಯಿಲೆ ಯಾವುದಾದರೂ ಇದೆಯೇ ಎಂದು ವಾಪಸ್ ಬರುವ ಟ್ರೇನಿನಲ್ಲಿ ಫೋನಿನಲ್ಲಿ ಹುಡುಕಿದೆ. ಇದೆ! ಮನೆಗೆ ಬಂದವನೇ ಗೋಡೆಗೆ ಒರಗಿ ಅಳೆಸಿಕೊಂಡೆ. ಐದು ಅಡಿ ಹತ್ತು. ಒಂದು ಕೂದಲಿನಷ್ಟೂ ಹೆಚ್ಚಿಲ್ಲ.

ಸಂಜೆ ಟೆಂಟನ್ನು ಹೊತ್ತುಕೊಂಡು ಅಂಗಡಿಗೆ ಹೋದೆ.

"ಗಿಡ್ಡಾ? ನನ್ನ ಕೈಯಾಗಿಂದಾ?" ಕಾಕಾನಿಗೆ ಅವಮಾನವಾಯಿತು. ಬಟ್ಟೆ ಬಿಡಿಸಿ ಹಾಸಿ ತಾವೇ ಮಲಗಿ ತೋರಿಸಿದರು. ಪಾದದಾಚೆ ಸರಿಯಾಗಿ ಒಂದು ಗೇಣು ಜಾಗವಿತ್ತು. "ನೋಡ್ರಿ. ನೀವು ನಿದ್ದಿಯಾಗ ಕೆಳಗ ಜಾರೀರಿ. ಬರ್ರಿ, ನಿಲ್ರಿ."

ಬೆನ್ನಿಗೆ ಬೆನ್ನು ಕೊಟ್ಟು ನಿಂತೆವು. ಈ ಸಲ ನೋಟ್‌ಬುಕ್ ಇಟ್ಟು ನೋಡುವವರು ಯಾರೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಅವರ ತಲೆಯ ಹಿಂಭಾಗ ನನ್ನ ಕುತ್ತಿಗೆಗೆ ತಾಗುತ್ತಿತ್ತು. ಅವರ ಬೆನ್ನಿನ ನಡುವೆ ಗೆಣ್ಣಿನಂಥದ್ದೇನೋ ನನಗೆ ಒತ್ತುತ್ತಿತ್ತು.

"ಎಷ್ಟೈತ್ರಿ?" ಎಂದು ಕೇಳಿದರು, ಮುಖ ಆ ಕಡೆಗೆ ಇಟ್ಟುಕೊಂಡೇ.

ನನ್ನೆದುರು ಗೋಡೆಯ ಉದ್ದಕ್ಕೆ ಆ ಹತ್ತು ಟೆಂಟುಗಳನ್ನು ಮಡಿಸಿ ಕಟ್ಟಿಟ್ಟಿದ್ದರು. ಶನಿವಾರ ಒಯ್ಯುವವರಿದ್ದರು.

"ಇಬ್ಬರದೂ ಒಂದೇ ಇದೆ ಕಾಕಾ" ಎಂದೆ. "ನಾನು ಬೂಟು ಹಾಕಿದ್ದೇನಲ್ಲ, ಅದಕ್ಕೆ ಸ್ವಲ್ಪ ವ್ಯತ್ಯಾಸ ಕಾಣುತ್ತದೆ."

ತಿರುಗಿ ನಿಂತೆವು. ನನ್ನ ಕಾಲಿನಲ್ಲಿದ್ದದ್ದು ಸವೆದ ರಬ್ಬರ್ ಚಪ್ಪಲಿ. ಅವರು ಅದನ್ನು ನೋಡಿದರು. ನಾನೂ ನೋಡಿದೆ. ಅವರು, "ನಿಮಗ ಸಮಾಧಾನ ಇಲ್ಲಂದ್ರ ಕಾಲ ಕಡಿಗೆ ಒಂದು ಪಟ್ಟಿ ಹಚ್ಚಿ ಕೊಡ್ತೀನಿ, ತಗೋರಿ" ಎಂದರು. ಪಟ್ಟಿ ಹಚ್ಚಿದರು, ಮೇಣ ತಿಕ್ಕಿದರು, ಇಸ್ತ್ರಿ ಎಳೆದರು. ನಾನು ಚಹಾ ಕುಡಿದು ಬಂದೆ.

ಮನೆಯಲ್ಲಿ ಇದನ್ನು ಹೆಂಡತಿಗೆ ಹೇಳಿದೆ, ಒಬ್ಬ ವಯಸ್ಸಾದವರ ಮನಸ್ಸು ನೋಯಿಸದೆ ಹೇಗೆ ಕೆಲಸ ಮಾಡಿಸಿಕೊಂಡೆ ಎಂಬ ಧಾಟಿಯಲ್ಲಿ.

"ಡಾಕ್ಟ್ರಿಗೆ ತೋರಿಸಿ ಅಂತ ಹೇಳಿದ್ರಾ?" ಎಂದು ಕೇಳಿದಳು.

"ಅದು ಹೇಗೆ ಒಮ್ಮೆಲೇ... ಭಾನುವಾರ ಹೇಳ್ತೇನೆ."

"ಯಾಕೆ, ಇವತ್ತು ಬಾಯಿಗೆ ರಜೆಯಾ?"

ಭಾನುವಾರ ಹೋದೆ. ಅಂಗಡಿಯಲ್ಲಿ ಜನ ಇದ್ದರು. ಅದರ ಮುಂದಿನ ಭಾನುವಾರ ಅವರೇ ಖುಷಿಯಲ್ಲಿದ್ದರು. ಹತ್ತು ಟೆಂಟುಗಳು ಹೋಗಿದ್ದವು. ಘಾಟ್ಕೋಪರಿನಲ್ಲಿ ಇಳಿದು ಮೆಟ್ರೋ ಹಿಡಿಯುವಾಗಲೆಲ್ಲ ವಾಕ್ಯ ಜೋಡಿಸುತ್ತಿದ್ದೆ. 'ಕಾಕಾ, ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಹೀಗೆಯೇ ಬೆನ್ನು...' ಎಂದು ಶುರು ಮಾಡುವುದು ಒಂದು ರೀತಿ. 'ಕಾಕಾ, ಮಳೆಗಾಲ ಮುಗಿದ ಮೇಲೆ ಒಮ್ಮೆ ಎಕ್ಸ್‌ರೇ...' ಎನ್ನುವುದು ಇನ್ನೊಂದು ರೀತಿ. ಎರಡೂ ಚೆನ್ನಾಗಿದ್ದವು. ಅಂಗಡಿಯ ಮುಂದೆ ಬಂದಾಗ, "ಚಹಾ ಆತೇನ್ರಿ?" ಎನ್ನುತ್ತಿದ್ದರು. "ಆಯ್ತು ಕಾಕಾ" ಎನ್ನುತ್ತಿದ್ದೆ. ನನ್ನ ಚಿಂತೆಗಳೆಲ್ಲ ಒಳಗೇ ಕುಳಿತು ಅಭ್ಯಾಸವಾದಂಥವು. ಒಂದನ್ನೂ ನಾನು ಹೊರಗೆ ಕಳಿಸಿ ಕೆಲಸ ಮಾಡಿಸಿದವನಲ್ಲ. ಹೀಗೆ ಏಳೆಂಟು ತಿಂಗಳು ಹೋದವು.

ಫೆಬ್ರವರಿಯಲ್ಲೊಂದು ಸಂಜೆ ಶಟರ್ ಮುಚ್ಚಿತ್ತು. ಎದುರಿನ ವಡಾಪಾವ್ ಗಾಡಿಯ ಹೆಂಗಸು ಹೇಳಿದಳು: ತಾಡಪತ್ರಿಯ ಸುರುಳಿ ಎತ್ತಲು ಬಗ್ಗಿದವರು ಹಾಗೆಯೇ ಕೂತುಬಿಟ್ಟರಂತೆ, ಏಳಲು ಆಗಲಿಲ್ಲವಂತೆ. ಮುನಿಸಿಪಾಲಿಟಿ ಆಸ್ಪತ್ರೆಗೆ ಸೇರಿಸಿದ್ದರು. ಬೆನ್ನುಮೂಳೆಗೆ ಟಿಬಿ. ಒಂದೆರಡು ವರ್ಷದಿಂದಲೇ ಇದ್ದಿರಬೇಕು, ಮೂಳೆ ಕುಸಿಯುತ್ತ ಬಂದಿದೆ, ಮೊದಲೇ ಬಂದಿದ್ದರೆ ಮಾತ್ರೆಯಲ್ಲೇ ಮುಗಿಯುತ್ತಿತ್ತು ಎಂದು ಡಾಕ್ಟರು ನನಗೆ ವಿವರಿಸಿದರು. ನನ್ನನ್ನು ಮನೆಯವನೇ ಎಂದುಕೊಂಡಿದ್ದರು. ನಾನು ತಲೆಯಾಡಿಸಿದೆ. ಆಗ ನನಗೆ ಏನನ್ನಿಸಿತು ಎಂದು ಈಗಲೂ ನೆನಪಿಸಿಕೊಳ್ಳಲು ನೋಡುತ್ತೇನೆ. ವಾರ್ಡಿನ ಫ್ಯಾನು ಒಂದು ಕಡೆಗೆ ಓಲಾಡುತ್ತಿತ್ತು, ಅದು ಯಾರ ಮೇಲೆ ಬೀಳಬಹುದು ಎಂದು ನೋಡುತ್ತಿದ್ದೆ. ಅಷ್ಟೇ ನೆನಪಿರುವುದು.

ಕಾಕಾ ಮಲಗಿದಲ್ಲಿಂದಲೇ, "ನಾಳೆ ಬರೂ ಮುಂದ ಒಂದು ಟೇಪ್ ತಗೊಂಡ್ ಬರ್ರಿ" ಎಂದರು.

ಟೇಪ್ ಎಂಬ ಮಾತು ಅವರ ಬಾಯಿಂದ ಬಂದದ್ದು ವಿಚಿತ್ರವೆನಿಸಿತು. ಮರುದಿನ ಮಗಳ ಹೊಲಿಗೆ ಕ್ಲಾಸಿನ ಟೇಪು ಒಯ್ದೆ.

"ಅಳೀರಿ ನನ್ನ."

ಹಿಮ್ಮಡಿಯಿಂದ ನೆತ್ತಿಯ ತನಕ ಮಂಚದ ಉದ್ದಕ್ಕೆ ಟೇಪು ಹಿಡಿದೆ. ಐದು ಅಡಿ ಐದು ಇಂಚು.

"ಎಷ್ಟ್ರಿ?"

"ಐದು ಎಂಟು" ಎಂದೆ.

ಅವರು ಕೈ ಎತ್ತಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಟೇಪನ್ನು ತಮ್ಮ ಕಣ್ಣಿನ ಹತ್ತಿರ ಎಳೆದುಕೊಂಡರು. ನನ್ನ ಹೆಬ್ಬೆರಳು ಇನ್ನೂ ಆ ಐದರ ಮೇಲೆಯೇ ಇತ್ತು.

"ನಿಮ್ಮ ಬಾಯಿಗಿಂತ ಹೆಬ್ಬಟ್ಟು ಚಲೋ ಐತಿ ನೋಡ್ರಿ" ಎಂದು ನಕ್ಕರು. ನಗುವಾಗ ನೋವಾಯಿತು, ನಿಲ್ಲಿಸಿದರು. ಆಮೇಲೆ, "ಅವತ್ತೇ ಹೇಳಬೇಕಿತ್ರಿ ನೀವು" ಎಂದರು. ಸಿಟ್ಟಿನಿಂದ ಹೇಳಲಿಲ್ಲ.

ನಾನು ಏನೋ ಹೇಳಲು ಹೋದೆ. ಕಾಯಿಲೆಯ ಬಗ್ಗೆ, ಡಾಕ್ಟರ ಬಗ್ಗೆ... ಅವರು ಕೇಳಿಸಿಕೊಳ್ಳಲಿಲ್ಲ.

"ಆ ಹತ್ತೂ ಟೆಂಟ್ ಗಿಡ್ಡ ಆಗ್ಯಾವ. ನಿಮ್ಮದಕ್ಕ ಪಟ್ಟಿ ಹಚ್ಚಿದೆ, ಅವಕ್ಕ ಹಚ್ಚಲಿಲ್ಲ. ಮಂದಿ ನಂಬಿ ಒಯ್ದಾರ. ಮಳಿಯಾಗ ಕಾಲು ತೊಯ್ಸಿಕೊಂಡು ಮಲಗಿರತಾರ, ಮತ್ತ ನನಗ ಬೈತಿರತಾರ." ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. "ಹೋಗಿ ಹೇಳಿ ಬರ್ರಿ. ವಾಪಸ್ ತಂದುಕೊಡ್ರಿ ಅನ್ರಿ. ನಾ ಎದ್ದ ಮ್ಯಾಲ ಎಲ್ಲಾಕ್ಕೂ ಪಟ್ಟಿ ಹಚ್ಚತೀನಿ. ಹೋಗ್ತೀರಲ್ಲ?"

"ಹೋಗ್ತೇನೆ ಕಾಕಾ."

ಈ ಸಲ ಹೋದೆ. ಆ ಗುಂಪಿನ ಮುಖ್ಯಸ್ಥರ ವಿಳಾಸ ಹುಡುಕಿ ಶುಕ್ರವಾರ ಸಂಜೆಯೇ ಘಾಟ್ಕೋಪರಿನ ಅವರ ಸೊಸೈಟಿಗೆ ಹೋದೆ. ಚಡ್ಡಿ ಹಾಕಿಕೊಂಡ ಮರಾಠಿ ಮನುಷ್ಯ, ಬಾಗಿಲಲ್ಲೇ ಕೇಳಿಸಿಕೊಂಡ. ಟೆಂಟ್ ಗಿಡ್ಡವೇ? ಅವನಿಗೆ ಅರ್ಥವೇ ಆಗಲಿಲ್ಲ. ಆ ಹತ್ತನ್ನೂ ಅವರು ಶಾಲೆಯ ಮಕ್ಕಳ ಶಿಬಿರಕ್ಕೆಂದೇ ಮಾಡಿಸಿದ್ದರಂತೆ. ನಾಲ್ಕೂವರೆ ಅಡಿ ದಾಟಿದ ಒಂದು ಮಗುವೂ ಇಲ್ಲ. ಇಡೀ ಮಳೆಗಾಲ ಬಳಸಿದ್ದಾರೆ, ಯಾರೂ ಒದ್ದೆಯಾಗಿಲ್ಲ. "ಕಾಕಾ ಕೋ ಬೋಲೋ, ಟೆನ್ಶನ್ ಮತ್ ಲೋ. ಅಗ್ಲೇ ಸಾಲ್ ಔರ್ ಪಾಂಚ್ ಬನಾನೇ ಹೈಂ" ಎಂದ. ಕಾಕಾ ಚಿಂತೆ ಮಾಡುವುದು ಬೇಡ, ಮುಂದಿನ ವರ್ಷ ಇನ್ನೂ ಐದು ಮಾಡಿಸುವುದಿದೆಯಂತೆ.

ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋಗಬಹುದಿತ್ತು. ನೋಡಲು ಬಿಡುವ ಸಮಯ ಇನ್ನೂ ಇತ್ತು. ಆದರೆ ಇಂಥ ಒಳ್ಳೆಯ ಸುದ್ದಿಯನ್ನು ಓಡುತ್ತ ಹೋಗಿ ಹೇಳುವುದು ಯಾಕೆ, ಭಾನುವಾರ ಎಳನೀರು ತೆಗೆದುಕೊಂಡು ಹೋಗಿ ಕೂತು ಹೇಳೋಣ ಎಂದುಕೊಂಡೆ. ವಾಕ್ಯವನ್ನೂ ಸಿದ್ಧ ಮಾಡಿಕೊಂಡೆ.

ಭಾನುವಾರ ಆ ಮಂಚದಲ್ಲಿ ಬೇರೆ ಯಾರೋ ಕಾಲು ಚಾಚಿ ಮಲಗಿದ್ದರು. ಕಾಕಾನ ಹೆಂಡತಿ, ಅಳಿಯ ಬಂದು ಅವರನ್ನು ಶನಿವಾರ ಊರಿಗೆ ಕರೆದುಕೊಂಡು ಹೋದರೆಂದು ಸಿಸ್ಟರ್ ಹೇಳಿದರು. ಕಾಕಾನ ನಂಬರಿಗೆ ಫೋನ್ ಮಾಡಿದೆ. ಅದು ಬೀಗ ಹಾಕಿದ ಅಂಗಡಿಯೊಳಗೇ ಉಳಿದಿತ್ತೆಂದು ಆಮೇಲೆ ತಿಳಿಯಿತು. ಊರಿನ ನಂಬರು ವಡಾಪಾವಿನವಳ ಬಳಿ ಇರಲಿಲ್ಲ, ಪಕ್ಕದ ಹಾರ್ಡ್‌ವೇರ್ ಅಂಗಡಿಯಲ್ಲೂ ಇರಲಿಲ್ಲ. ಇನ್ನೂ ನಾಲ್ಕು ಕಡೆ ಕೇಳಿದ್ದರೆ ಸಿಗುತ್ತಿತ್ತೇನೋ. ಕೇಳಲಿಲ್ಲ.

ಮೊದಲ ಮಳೆ ಬಿದ್ದ ವಾರ, ಗಾಡಿಯ ಮುಂದೆ ನಿಂತಿದ್ದಾಗ, ಆ ಹೆಂಗಸು ಎಣ್ಣೆಯಿಂದ ವಡೆ ಎತ್ತುತ್ತ, "ಕಾಕಾ ಗೇಲೇ" ಎಂದಳು. ಹೋದರು. ಊರಿನಿಂದ ಯಾರೋ ಅಂಗಡಿ ಖಾಲಿ ಮಾಡಲು ಬಂದಾಗ ಹೇಳಿದರಂತೆ. ಇಪ್ಪತ್ತು ದಿನದ ಹಿಂದೆಯೇ. ಅಳು ಬರಲಿಲ್ಲ. ವಡಾಪಾವ್ ತಿಂದೆ. ಚಟ್ನಿ ಖಾರವಾಗಿತ್ತು. ಮನೆಗೆ ಬಂದು ಕೊಡೆಯನ್ನು ಬಾತ್‌ರೂಮಿನಲ್ಲಿ ಬಿಚ್ಚಿ ಒಣಗಲು ಇಟ್ಟೆ, ಕೈಕಾಲು ತೊಳೆದೆ, ಟಿವಿ ಹಾಕಿದೆ. ಹೆಂಡತಿಗೆ ಹೇಳಿದ್ದು ಮರುದಿನ.

ಇದಾಗಿ ನಾಲ್ಕು ವರ್ಷವಾಯಿತು. ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ. ಕಾರ್ಖಾನೆಯ ಕಾಂಪೌಂಡ್ ಒಡೆದು ಟವರ್ ಏಳುತ್ತಿದೆ. ನಮ್ಮ ಮೇಣದ ಟೆಂಟಿನ ತಳ ಹೋದ ವರ್ಷ ಬೂಸಲು ಹಿಡಿದು ಹರಿಯಿತು. ಹರಿದಾಗಲೂ ನನಗೆ ವಿಶೇಷವೇನೂ ಅನ್ನಿಸಲಿಲ್ಲ.

ಹುಟ್ಟುಹಬ್ಬದ ಮರುದಿನ ಮಗಳು ಆನ್‌ಲೈನಿನಲ್ಲಿ ತರಿಸಿದ ಟೆಂಟು ಬಂತು. ಮೂರು ದಿನ ಅಮ್ಮ ಮಗಳು ಕೂತು ಆರಿಸಿದ್ದು. ಕೇಸರಿ ಬಣ್ಣ, ಎರಡು ಕಿಲೋ ತೂಕ, ಐದು ನಿಮಿಷದಲ್ಲಿ ಹಾಲ್‌ನ ನಡುವೆ ತಾನೇ ಎದ್ದು ನಿಂತಿತು. ಇಷ್ಟವಾಗದಿದ್ದರೆ ಹತ್ತು ದಿನದೊಳಗೆ ವಾಪಸ್ ಕಳಿಸಬಹುದಂತೆ.

"ಪಪ್ಪಾ, ಅಂದರ್ ಜಾಕೇ ಸೋಕೇ ದೇಖೋ ನಾ" ಎಂದಳು ಮಗಳು. "ಲೆಂಗ್ತ್ ಸರಿ ಉಂಟಾ ಹೇಳಿ."

ಒಳಗೆ ಹೋಗಿ ಅಂಗಾತ ಮಲಗಿದೆ. ಯಾವ ವಾಸನೆಯೂ ಇರಲಿಲ್ಲ. ತಲೆಯ ಮೇಲೆ ಜಾಗವಿತ್ತು, ಕಾಲ ಬಳಿಯೂ ಇತ್ತು. ತೆಳುವಾದ ಬಟ್ಟೆಯಾಚೆ ಹಾಲ್‌ನ ಟ್ಯೂಬ್‌ಲೈಟು ಮಸುಕಾಗಿ ಕಾಣುತ್ತಿತ್ತು. ನನ್ನ ಬಾಯಿಂದ ಮಾತು ಬಂತು.

"ಕಾಕಾ, ಅವೆಲ್ಲ ಸಣ್ಣ ಮಕ್ಕಳಿಗೆ ಮಾಡಿಸಿದ್ದಂತೆ. ಯಾರ ಕಾಲೂ ತೊಯ್ದಿಲ್ಲವಂತೆ."

ಅಂದು ಸಿದ್ಧ ಮಾಡಿಕೊಂಡಿದ್ದ ಹಾಗೆಯೇ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ ಬಂತು.

"ಕ್ಯಾ ಬೋಲಾ ಪಪ್ಪಾ?" ಮಗಳು ಹೊರಗಿನಿಂದ ಕೇಳಿದಳು.

"ಏನಿಲ್ಲ" ಎಂದೆ. "ಉದ್ದ ಸಾಕು. ಇಟ್ಟುಕೊಳ್ಳಬಹುದು."